ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತದೆಯೇ?

"ಇನ್‌ಹೇಲರ್ ಬೇಡ ಡಾಕ್ಟ್ರೇ, ಅಭ್ಯಾಸವಾಗಿಬಿಡುತ್ತೆ, ಮಾತ್ರೆ ಕೊಡಿ" ಎನ್ನುವ ತಾಯಂದಿರು ಬಹಳ. ಲೆಕ್ಕ ನೋಡಿ: ಸಾಲ್ಬುಟಮಾಲ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಔಷಧಿ, 2 ಮಿಲಿಗ್ರಾಂ ಮಾತ್ರೆಯಲ್ಲಿ ಅದರ 20 ಪಟ್ಟು. ಕೈನಡುಕ, ಎದೆಬಡಿತವೂ ಮಾತ್ರೆಯಲ್ಲೇ ಹೆಚ್ಚು. ಪಫ್ ನೇರವಾಗಿ ಶ್ವಾಸನಾಳಕ್ಕಿಳಿದು ಬಿಗಿದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ; 4ರಿಂದ 6 ಗಂಟೆ ಆರಾಮ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ದಮ್ಮು ಕಟ್ಟಿದಾಗ ಜೋಶಾಂದಾ ಕುದಿಸುತ್ತಾ ಕೂರಬೇಡಿ.

ಆದರೆ ಒಳಗಿನ ಊತ ಇದರಿಂದ ಇಳಿಯದು. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಅದು ಅಭ್ಯಾಸವಲ್ಲ, ಉಬ್ಬಸ ಹತೋಟಿ ತಪ್ಪಿದೆ. ಊತ ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ ಬಗ್ಗೆ ವೈದ್ಯರನ್ನು ಕೇಳಿ. ಮಕ್ಕಳಿಗೆ ಸ್ಪೇಸರ್ ಜೋಡಿಸಿಯೇ ಕೊಡಿ. ಪಫ್ ಕೊಟ್ಟ ಮೇಲೂ ಮಗುವಿಗೆ ಮಾತಾಡಲಾಗದಿದ್ದರೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಪಫ್ ಕೊಡುತ್ತಿರಿ.