ಒಂದು ಕಂಪ್ಯೂಟರ್, ಎರಡು ಜಾಲ

ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಅಲ್ಲಿಂದ ಮೈಸೂರಿಗೆ ಹೊರಟವರು ದಕ್ಷಿಣದ ಕವಲನ್ನು ದಾಟುತ್ತಾರೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹೋಗುವವರು ಉತ್ತರದ ಕವಲನ್ನು ದಾಟುತ್ತಾರೆ. ಎರಡು ದಿಕ್ಕಿಗೆ ಸೇತುವೆಗಳಿದ್ದರೂ ಯಾರಿಗೂ ಗೊಂದಲವಿಲ್ಲ. ಹೋಗಬೇಕಾದ ಊರು ಗೊತ್ತಿದ್ದರೆ ದಾಟಬೇಕಾದ ಸೇತುವೆಯೂ ಗೊತ್ತಾಗುತ್ತದೆ. ಒಂದೇ ಕಂಪ್ಯೂಟರನ್ನು ಏಕಕಾಲಕ್ಕೆ ಎರಡು ಜಾಲಗಳಿಗೆ ಜೋಡಿಸಿದಾಗ ಅದರ ಪಾಡೂ ಈ ದ್ವೀಪದಂತೆಯೇ. ಆದರೆ ಕಂಪ್ಯೂಟರಿಗೆ ದಾರಿಯನ್ನು ಯಾರಾದರೂ ಬರೆದುಕೊಡಬೇಕು.

ಶಾಲೆಯ ಕಂಪ್ಯೂಟರ್ ಕೊಠಡಿಯೊಂದನ್ನು ಊಹಿಸಿ. ಹತ್ತು ಯಂತ್ರಗಳೂ ಒಂದು ಪ್ರಿಂಟರೂ ತಂತಿಗಳ ಮೂಲಕ ಒಂದೇ ಸ್ವಿಚ್ಚಿಗೆ ಸೇರಿವೆ. ಇದು ಒಳಜಾಲ, ಹೊರಲೋಕದ ಸಂಪರ್ಕ ಇದಕ್ಕಿಲ್ಲ. ಯಾವುದೋ ಪಾಠಕ್ಕೆ ಇಂಟರ್‌ನೆಟ್ ಬೇಕಾಗಿ ಒಂದು ಯಂತ್ರವನ್ನು ಮೊಬೈಲ್ ಫೋನಿನ ವೈ-ಫೈಗೂ ಸೇರಿಸುತ್ತಾರೆ. (ಮಕ್ಕಳಿಗೆ ಈ ಉಪಾಯ ಹೊಳೆಯಲು ಹೆಚ್ಚು ಹೊತ್ತು ಬೇಕಿಲ್ಲ.) ಈಗ ತಂತಿಗೆ ಒಂದು ನೆಟ್‌ವರ್ಕ್ ಕಾರ್ಡ್, ವೈ-ಫೈಗೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಐ.ಪಿ. ವಿಳಾಸ. ವಿಳಾಸ ಕಂಪ್ಯೂಟರಿನದೆಂದು ಹಲವರ ತಿಳಿವಳಿಕೆ. ನಿಜವಾಗಿ ಅದು ಕಾರ್ಡಿನದು. ಎರಡು ಬೀದಿಗೆ ಬಾಗಿಲಿರುವ ಮೂಲೆಮನೆಗೆ ಎರಡು ಬಾಗಿಲ ಸಂಖ್ಯೆ ಇದ್ದಂತೆ.

ಜೋಡಣೆ ಇಷ್ಟು ಸುಲಭ. ಆದರೆ ಆಮೇಲೆ ಒಂದು ವಿಚಿತ್ರ ಕಾಣಬಹುದು: ಪ್ರಿಂಟರ್ ಕೆಲಸ ಮಾಡುತ್ತದೆ, ಇಂಟರ್‌ನೆಟ್ ಮಾತ್ರ ಬರುವುದಿಲ್ಲ. ಫೋನನ್ನೋ ಕಂಪನಿಯನ್ನೋ ಬೈದು ಪ್ರಯೋಜನವಿಲ್ಲ. ಪ್ರತಿ ಕಂಪ್ಯೂಟರಿನೊಳಗೂ ದಾರಿಗಳ ಒಂದು ಪಟ್ಟಿ ಇರುತ್ತದೆ. ತನ್ನದೇ ಜಾಲದ ಯಂತ್ರಕ್ಕೆ ಹೋಗುವ ಸಂದೇಶ ನೇರವಾಗಿ ಆ ಕಾರ್ಡಿನಿಂದ ಹೊರಡುತ್ತದೆ. ಪಟ್ಟಿಯಲ್ಲಿಲ್ಲದ ಬೇರೆಲ್ಲ ಊರುಗಳಿಗೂ ಒಂದು ಸಾಲು ಉಂಟು, ಅದೇ ಡಿಫಾಲ್ಟ್ ಗೇಟ್‌ವೇ. ‘ಉಳಿದೆಲ್ಲ ಊರಿಗೂ ಈ ಕಡೆ’ ಎಂಬ ಕೈಮರ ಎನ್ನಬಹುದು. ಎರಡೂ ಕಾರ್ಡುಗಳಲ್ಲಿ ಗೇಟ್‌ವೇ ತುಂಬಿಟ್ಟರೆ ಇಂಥ ಕೈಮರ ಎರಡಾಗುತ್ತದೆ. ಆಗ ಕಂಪ್ಯೂಟರ್ ಮೆಟ್ರಿಕ್ ಎಂಬ ಅಂಕಿಯನ್ನು ನೋಡಿ, ಅದು ಕಡಿಮೆ ಇರುವ ಕಡೆಗೆ ಹೊರಡುತ್ತದೆ. ವಿಂಡೋಸ್ ಸಾಮಾನ್ಯವಾಗಿ ವೇಗದ ಸಂಪರ್ಕಕ್ಕೆ ಕಡಿಮೆ ಅಂಕಿ ಕೊಡುತ್ತದೆ, ಬಹುಪಾಲು ಅದು ತಂತಿಯೇ. ಸಂದೇಶವೆಲ್ಲ ದಾರಿಯೇ ಇಲ್ಲದ ಒಳಜಾಲಕ್ಕೆ ಹೋಗಿ ನಿಲ್ಲುತ್ತದೆ. ಪರಿಹಾರ ಸರಳ: ಒಳಜಾಲದ ಕಾರ್ಡಿನಲ್ಲಿ ಗೇಟ್‌ವೇ ಜಾಗವನ್ನು ಖಾಲಿ ಬಿಡುವುದು.

ಇನ್ನೊಂದು ತೊಡಕು ವಿಳಾಸಗಳದು. 192.168 ಎಂದು ಆರಂಭವಾಗುವ ಸಂಖ್ಯೆಗಳನ್ನು ಖಾಸಗಿ ಜಾಲಗಳಿಗೆಂದೇ ಮೀಸಲಿಟ್ಟಿದ್ದಾರೆ, ಯಾರು ಬೇಕಾದರೂ ಬಳಸಬಹುದು. ಅನೇಕ ರೂಟರುಗಳು ಕಾರ್ಖಾನೆಯಿಂದಲೇ 192.168.1 ಅಥವಾ 192.168.0 ಎಂಬ ಸರಣಿಯೊಂದಿಗೆ ಬರುತ್ತವೆ. ಎರಡು ಜಾಲಕ್ಕೂ ಒಂದೇ ಸರಣಿ ಇದ್ದರೆ ಕಂಪ್ಯೂಟರಿನ ಗತಿ, ತಾಲ್ಲೂಕಿನ ಹೆಸರಿಲ್ಲದೆ ಬರೀ ‘ಹೊಸಹಳ್ಳಿ’ ಎಂದು ಬರೆದ ಕಾಗದ ಕೈಗೆ ಬಂದ ಅಂಚೆಯವನ ಗತಿಯೇ. ಒಂದು ಜಾಲದ ಸರಣಿ ಬದಲಿಸದೆ ಬೇರೆ ದಾರಿಯಿಲ್ಲ.

ಇವೆಲ್ಲ ಅರ್ಧ ಗಂಟೆಯಲ್ಲಿ ಸರಿಯಾಗುವ ತೊಂದರೆಗಳು. ಸರಿಯಾಗದ ತೊಂದರೆ ಒಂದಿದೆ. ತಾಲ್ಲೂಕು ಕಚೇರಿಗಳಲ್ಲಿ ರೈತರ ಪಹಣಿ ಕಂಪ್ಯೂಟರಿಗೆ ಬಂದದ್ದು ‘ಭೂಮಿ’ ಯೋಜನೆಯಿಂದ. ಮುಂದೆ ರಾಜಧಾನಿ, ಜಿಲ್ಲೆ, ತಾಲ್ಲೂಕುಗಳನ್ನು ಬೆಸೆಯಲು ಸರ್ಕಾರಿ ಜಾಲವೂ ಬಂತು. ಇಂಥ ರಾಜ್ಯಜಾಲಗಳ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿದ್ದು 2005ರಲ್ಲಿ. ಕರ್ನಾಟಕದ್ದಕ್ಕೆ ಕೆ-ಸ್ವಾನ್ ಎಂದು ಹೆಸರು. ಪಹಣಿ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂಬ ಏರ್ಪಾಡೂ ಇದೆ. ಆದರೆ ಇಂಥ ಜಾಲದ ಒಂದು ಯಂತ್ರಕ್ಕೆ ಯಾರೋ ಮೊಬೈಲ್ ಇಂಟರ್‌ನೆಟ್ ಸೇರಿಸಿದರೆ? ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು.

ವಿಂಡೋಸ್ ತಾನಾಗಿ ಒಂದು ಜಾಲದ ಸಂದೇಶವನ್ನು ಇನ್ನೊಂದಕ್ಕೆ ದಾಟಿಸುವುದಿಲ್ಲ. ಆ ಸೌಲಭ್ಯವನ್ನು ಬೇಕೆಂದೇ ಚಾಲೂ ಮಾಡಬೇಕು. ಆದ್ದರಿಂದ ಭಯವಿಲ್ಲ ಎನ್ನುವವರುಂಟು. ಈ ವಾದ ಅರ್ಧ ಮಾತ್ರ ನಿಜ. ವೈರಸ್ಸಿಗೆ ಸೇತುವೆ ಬೇಕಿಲ್ಲ. ಅದು ಇಂಟರ್‌ನೆಟ್ ಕಡೆಯಿಂದ ಯಂತ್ರದೊಳಗೆ ಇಳಿದು, ಅಲ್ಲೇ ತಳವೂರಿ, ಇನ್ನೊಂದು ಕಾರ್ಡಿನಿಂದ ತಾನೇ ಹೊರಡುತ್ತದೆ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹರಡಿತು. ಕಡತ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿನ ಬಿರುಕನ್ನು ಹಿಡಿದು ಅದು ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ತಾನಾಗಿಯೇ ಹೋಗುತ್ತಿತ್ತು. ಮೈಕ್ರೋಸಾಫ್ಟ್ ಆ ಬಿರುಕಿಗೆ ಮಾರ್ಚ್‌ನಲ್ಲೇ ತೇಪೆ ಬಿಡುಗಡೆ ಮಾಡಿತ್ತು, ಹಾಕಿಕೊಂಡಿರದವರು ಸಿಕ್ಕಿಬಿದ್ದರು.

ಇದಕ್ಕೆ ವಿರುದ್ಧವಾದ ಉದಾಹರಣೆ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ್ದು. 2019ರಲ್ಲಿ ಅಲ್ಲಿನ ಆಡಳಿತ ವಿಭಾಗದ, ಇಂಟರ್‌ನೆಟ್ ಸಂಪರ್ಕವಿದ್ದ ಕಂಪ್ಯೂಟರೊಂದರಲ್ಲಿ ದುಷ್ಟ ತಂತ್ರಾಂಶ ಪತ್ತೆಯಾಯಿತು. ಸ್ಥಾವರದ ಮುಖ್ಯ ಒಳಜಾಲಕ್ಕೂ ಆ ಯಂತ್ರಕ್ಕೂ ಸಂಬಂಧವಿರಲಿಲ್ಲವೆಂದು ಅಣುವಿದ್ಯುತ್ ನಿಗಮ ಅಕ್ಟೋಬರ್ 30ರಂದು ಪ್ರಕಟಿಸಿತು.

ಶಾಲೆಯ ಕೊಠಡಿಗೆ ಇಷ್ಟು ಬಿಗಿ ಬೇಡ. ಇಂಟರ್‌ನೆಟ್ಟಿಗೆ ಒಂದು ಯಂತ್ರವನ್ನು ಪ್ರತ್ಯೇಕ ಇಟ್ಟರೆ ಉತ್ತಮ. ಅದೂ ಆಗದಿದ್ದರೆ ಫೋನ್ ಸೇರಿಸುವ ಮೊದಲು ತಂತಿ ಕೀಳುವುದು. ಎರಡೂ ಬೇಕೇ ಬೇಕಾದಾಗ ತೇಪೆಗಳನ್ನೂ ಫೈರ್‌ವಾಲನ್ನೂ ನೋಡಿಕೊಂಡು ಜೋಡಿಸಬಹುದು. ಆ ಬಳಿಕ ವಿಂಡೋಸಿನ ಕಪ್ಪು ಆದೇಶ ಕಿಟಕಿಯಲ್ಲಿ ‘ರೂಟ್ ಪ್ರಿಂಟ್’ ಆದೇಶ ಕೊಟ್ಟರೆ ದಾರಿಗಳ ಪಟ್ಟಿ ಪರದೆಗೆ ಬರುತ್ತದೆ. 0.0.0.0 ಎಂದು ಆರಂಭವಾಗುವ ಸಾಲೇ ‘ಉಳಿದೆಲ್ಲ ಊರಿಗೂ’ ಎನ್ನುವ ಕೈಮರ. ಅದು ಒಂದೇ ಇದೆಯೇ, ಎರಡಿದೆಯೇ ಎಂದು ವಿದ್ಯಾರ್ಥಿಗಳು ತಾವೇ ಎಣಿಸಿ ನೋಡಬಹುದು.