ಜೋಗಪ್ಪ, ಮಂಗಳಮುಖಿ, ಸಲಿಂಗಿ: ಎಲ್ಲಾ ಒಂದೇ ಅಲ್ಲ, ಯಾವ ಪದ ಯಾರಿಗೆ?

ಸಿಂಧನೂರು: ಸಿಂಧನೂರು, ಮಸ್ಕಿ, ಲಿಂಗಸುಗೂರು ಪೇಟೆಯಲ್ಲಿ ಅಂಗಡಿ ಮುಂದೆ ಚಪ್ಪಾಳೆ ತಟ್ಟುತ್ತಾ ಬರುವವರನ್ನು ಜನ ಒಬ್ಬೊಬ್ಬರು ಒಂದೊಂದು ರೀತಿ ಕರೀತಾರೆ. ಅದರಲ್ಲಿ ಕೆಲವು ಹೆಸರು, ಕೆಲವು ಬೈಗುಳ.

ಎರಡು ಬೇರೆ ವಿಷಯ

ತಾನು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಎಂದು ಒಬ್ಬರ ಮನಸ್ಸು ಹೇಳುವುದು ಲಿಂಗತ್ವದ ಗುರುತು. ಇದನ್ನು ಹೇಳಿಕೊಳ್ಳುವ ಹಕ್ಕು ಅವರದ್ದೇ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ತೀರ್ಪು ಕೊಟ್ಟಿತು.

ಯಾರ ಮೇಲೆ ಮನಸ್ಸಾಗುತ್ತೆ ಅನ್ನೋದು ಲೈಂಗಿಕ ಒಲವು. ಗಂಡಿಗೆ ಗಂಡಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಮನಸ್ಸಾದರೆ ಸಲಿಂಗಿ ಅಂತಾರೆ. ಇದಕ್ಕೂ ಸೀರೆ ಉಡೋದಕ್ಕೂ ಸಂಬಂಧವಿಲ್ಲ. ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ಹೇಳಿದೆ.

ಪದಗಳ ಅರ್ಥ

* ಲಿಂಗತ್ವ ಅಲ್ಪಸಂಖ್ಯಾತರು: ಸರ್ಕಾರಿ ಕಾಗದಗಳಲ್ಲಿ ಬಳಸುವ ಪದ.
* ಮಂಗಳಮುಖಿ: ಪೇಪರ್‌ನಲ್ಲಿ, ಪೇಟೆಯಲ್ಲಿ ರೂಢಿಯಲ್ಲಿರುವ ಗೌರವದ ಪದ.
* ಜೋಗಪ್ಪ: ಗಂಡಾಗಿ ಹುಟ್ಟಿ, ಎಲ್ಲಮ್ಮ ಅಥವಾ ಹುಲಿಗೆಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು. ಎಲ್ಲಾ ಮಂಗಳಮುಖಿಯರೂ ಜೋಗಪ್ಪರಲ್ಲ.
* ಜೋಗತಿ: ಹೆಣ್ಣಾಗಿ ಹುಟ್ಟಿದವರಿಗೂ ಈ ಹೆಸರಿದೆ. 2021ರಲ್ಲಿ ಪದ್ಮಶ್ರೀ ಪಡೆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರು.

'ಚಕ್ಕಾ', 'ಒಂಬತ್ತು' ಇವು ಹೆಸರಲ್ಲ, ಬೈಗುಳ.

ಅಂಗಡಿಯವರು ಗಮನಿಸಿ

2019ರ ಕಾಯ್ದೆಯ 18ನೇ ಕಲಂ ಪ್ರಕಾರ ಲಿಂಗತ್ವ ಅಲ್ಪಸಂಖ್ಯಾತರನ್ನು ಬೈದು ಹಿಂಸಿಸಿದರೆ, ಸಾರ್ವಜನಿಕ ಜಾಗಕ್ಕೆ ಬರದಂತೆ ತಡೆದರೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ದಂಡವೂ ಇದೆ. ಕಾಸು ಕೊಡೋದು ಬಿಡೋದು ನಿಮ್ಮಿಷ್ಟ. ಕೊಡದಿದ್ದರೂ 'ಇಲ್ಲಕ್ಕ, ಮುಂದೆ ಹೋಗ್ರಿ' ಅಂದರೆ ಸಾಕು. ಏನಂತ ಕರೀಬೇಕು ಗೊತ್ತಾಗದಿದ್ದರೆ ಹೆಸರು ಕೇಳಿ, ಹೇಳ್ತಾರೆ.