ಅಂಗಾಲು ನೋಡಿಕೊಂಡಿದ್ದೀರಾ?

ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ) ಸುತ್ತಿನ ತೊಗರಿ ಹೊಲದಲ್ಲಿ ದಿನವಿಡೀ ಬಿಸಿಲು. ಆದರೂ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ; ಮೈಗೆ ಕಪ್ಪು ಕೊಡುವ ಮೆಲನಿನ್ ಕಾಯುತ್ತದೆ. ಹಾಗಂತ ಕಪ್ಪು ಮೈಗೆ ಬರೋದೇ ಇಲ್ಲ ಅನ್ನೋದು ಸುಳ್ಳು. ನಮ್ಮಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಹುಟ್ಟೋದು ಬಿಸಿಲೇ ಬೀಳದ ಅಂಗಾಲಿನಲ್ಲಿ, ಉಗುರಿನಡಿ.

ಚರ್ಮದ ಕ್ಯಾನ್ಸರ್‌ಗೆ ದಾರಿ ಮಾಡುವ ಕಾಯಿಲೆ ಇನ್ನೊಂದಿದೆ, ವಂಶವಾಹಿಯದು: ಝೆರೋಡರ್ಮಾ ಪಿಗ್ಮೆಂಟೋಸಮ್. ಬಿಸಿಲಿಗೆ ಕೆಟ್ಟ ಡಿಎನ್‌ಎಯನ್ನು ಈ ರೋಗಿಗಳ ಜೀವಕೋಶಗಳು ರಿಪೇರಿ ಮಾಡಲಾರವು ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ದೋಷದ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬರಬೇಕು. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆ ಆ ಸಾಧ್ಯತೆ ಹೆಚ್ಚು. ಎಳೆಗೂಸಿನ ಮುಖದ ತುಂಬ ಬಿಸಿಲಿಗೆ ಚುಕ್ಕೆ ಎದ್ದರೆ ದೃಷ್ಟಿ ತೆಗೆದು ಸುಮ್ಮನಿರಬೇಡಿ. ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ. ಅಂಗಾಲಿನ ಕಪ್ಪು ಮಚ್ಚೆ ದೊಡ್ಡದಾಗುತ್ತಿದ್ದರೂ ಅಷ್ಟೇ, ಬ್ಲೇಡಿನಿಂದ ಕೆರೆಯಬೇಡಿ.